ಇಲ್ಲ ಎಂದ ಮನೆಗಳು

ನಮ್ಮ ಕೆಲಸದಲ್ಲಿ ‘ಇಲ್ಲ’ ಎಂಬ ಉತ್ತರ ಬಹಳ ಹಗುರ. ಎದುರಿಗೆ ಕೂತವರು ‘ಹೌದು’ ಅಂದರೆ ಮುಕ್ಕಾಲು ಗಂಟೆ ಅಲ್ಲೇ ಬೇರು ಬಿಡಬೇಕು. ‘ಇಲ್ಲ’ ಅಂದರೆ ಹತ್ತು ನಿಮಿಷಕ್ಕೆ ಚಪ್ಪಲಿ ಮೆಟ್ಟಿ ಮುಂದಿನ ಮನೆಗೆ ಹೋಗಬಹುದು. ಆದ್ದರಿಂದಲೇ ಮೇಲಿನವರಿಗೆ ಈ ‘ಇಲ್ಲ’ದ ಮೇಲೆ ಯಾವಾಗಲೂ ಒಂದು ಕಣ್ಣು. ನನಗೂ ಇತ್ತು. ಮನೆಮನೆ ಸಮೀಕ್ಷೆಯಲ್ಲಿ ತಲೆ ಬೆಳ್ಳಗಾದವನು ನಾನು. ಗಣತಿದಾರರು ಎಲ್ಲೆಲ್ಲಿ ಕಳ್ಳದಾರಿ ಹಿಡಿಯುತ್ತಾರೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬ ಜಂಬವೂ ಇತ್ತು. ಆ ಜಂಬ ಇಳಿದದ್ದು ಹೈದರಾಬಾದಿನಲ್ಲಿ, ಉದ್ಯಮಶೀಲತೆಯ ಸಮೀಕ್ಷೆಯಲ್ಲಿ.

ದೇಶದಲ್ಲಿ ಎಷ್ಟು ಜನ ಹೊಸದಾಗಿ ಉದ್ಯಮಕ್ಕೆ ಕೈ ಹಾಕುತ್ತಿದ್ದಾರೆ, ಸುತ್ತಲ ವಾತಾವರಣ ಅವರಿಗೆ ಒತ್ತಾಸೆಯಾಗಿದೆಯೋ ಕಾಲಿಗೆ ತೊಡಕಾಗಿದೆಯೋ ಎಂದು ಅಳೆಯುವ ಕೆಲಸ. ಕೊಂಡಾಪುರದ ಗಾಜಿನ ಕಟ್ಟಡಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರನ್ನು ಎಣಿಸುವುದು ಸುಲಭ, ಅವರೇ ಕರೆದು ಹೇಳುತ್ತಾರೆ. ನಮ್ಮದು ಮನೆಬಾಗಿಲ ಎಣಿಕೆ. ಬೀದಿಯ ಒಂದು ಮೂಲೆಯಿಂದ ಹೊರಟು ಬಲಗೈಗೆ ತಿರುಗುತ್ತ, ಪ್ರತಿ ಐದನೇ ಮನೆಯ ಬಾಗಿಲು ತಟ್ಟಬೇಕು. ಆ ಮನೆಯ ವಯಸ್ಕರ ಹೆಸರನ್ನೆಲ್ಲ ಟ್ಯಾಬ್ಲೆಟ್ಟಿಗೆ ತುಂಬಿದರೆ ಅದೇ ಒಬ್ಬರನ್ನು ಆರಿಸುತ್ತದೆ. ಅವರು ಸಿಕ್ಕರೆ ಸರಿ, ಇಲ್ಲದಿದ್ದರೆ ಮೂರು ಸಲ ಹೋಗಬೇಕು. ಬಾಗಿಲು ತೆರೆದ ಅತ್ತೆ ಎಷ್ಟೇ ಮಾತುಗಾತಿಯಾಗಿದ್ದರೂ ಟ್ಯಾಬ್ಲೆಟ್ಟು ಸೊಸೆಯನ್ನು ಕೇಳಿದರೆ ಸೊಸೆಯನ್ನೇ ಕೇಳಬೇಕು.

ಅಲ್ಲಿ ಒಂದು ಪ್ರಶ್ನೆ ಬರುತ್ತದೆ. ‘ಒಬ್ಬರೇ ಆಗಲಿ, ಬೇರೆಯವರ ಜೊತೆ ಸೇರಿ ಆಗಲಿ, ನೀವು ಈಗ ಯಾವುದಾದರೂ ಹೊಸ ಉದ್ಯಮ ಶುರು ಮಾಡುವ ಪ್ರಯತ್ನದಲ್ಲಿದ್ದೀರಾ?’ ಬರೆದದ್ದನ್ನು ಬರೆದ ಹಾಗೆಯೇ ಓದಬೇಕು. ಒಂದು ಪದ ಕೂಡಿಸುವಂತಿಲ್ಲ, ಹುಬ್ಬು ಏರಿಸುವಂತಿಲ್ಲ. ಹೌದು ಅಂದರೆ ಮುಂದಿನ ಪುಟಗಳೆಲ್ಲ ಬಿಚ್ಚಿಕೊಳ್ಳುತ್ತವೆ: ಜಾಗ ನೋಡಿದ್ದೀರಾ, ಯಂತ್ರ ವಿಚಾರಿಸಿದ್ದೀರಾ, ಜೊತೆಗೆ ಯಾರಿದ್ದಾರೆ, ಸೋಲುವ ಭಯವಿದೆಯಾ. ಇಲ್ಲ ಅಂದರೆ ಆ ಪುಟಗಳೆಲ್ಲ ಮುಚ್ಚಿಹೋಗುತ್ತವೆ.

ತರಬೇತಿ ಶಂಶಾಬಾದಿನ ಒಂದು ಕಲ್ಯಾಣಮಂಟಪದ ಮಾಳಿಗೆಯಲ್ಲಿ ನಡೆಯಿತು. ನನ್ನ ತಂಡದಲ್ಲಿ ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳಿದ್ದಳು, ವಯಸ್ಸು ಮೂವತ್ತೈದರ ಆಚೀಚೆ. ಎಲ್ಲರೂ ಆಕೆಯನ್ನು ಯಾದಗಿರಿ ಅಕ್ಕ ಎನ್ನುತ್ತಿದ್ದರು. ಗಂಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವನು. ಆಕೆಯೂ ಬಿ.ಎ. ಮುಗಿಸಿ ಬಂದು ಆರು ವರ್ಷ ಅದೇ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತಿದ್ದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮೇಸ್ತ್ರಿಯ ಹತ್ತಿರ ಹಿಂದಿ. ನಮಗೆ ಬೇಕಾಗಿದ್ದದ್ದೂ ಅಂಥವರೇ. ಮೊದಲ ದಿನ ಕುರ್ಚಿಯ ತುದಿಗೆ ಕೂತಿದ್ದಳು. ಸರಿಯಾಗಿ ಕೂರಮ್ಮ ಅಂದದ್ದಕ್ಕೆ, “ರೂಢಿ ಆಗಬೇಕಲ್ರಿ ಸರ, ಕೂತು ದುಡಿಯೂದು ಇದೇ ಮೊದಲು,” ಎಂದು ನಕ್ಕಳು.

ತರಬೇತಿಯ ಕಡೆಯ ದಿನ ಒಬ್ಬರನ್ನೊಬ್ಬರು ಸಂದರ್ಶಿಸುವ ಅಭ್ಯಾಸ. ಆಕೆಯ ಪಾಲಿಗೆ ನಾನು ಬಂದೆ. “ಸುಳ್ಳು ಉತ್ತರ ಕೊಡಬೇಡಿ, ನಿಮ್ಮ ನಿಜವಾದ ಬದುಕಿನದ್ದೇ ಹೇಳಿ, ಇಲ್ಲದಿದ್ದರೆ ಅಭ್ಯಾಸ ಆಗುವುದಿಲ್ಲ” ಎಂದು ಬೆಳಗ್ಗೆಯಿಂದ ಎಲ್ಲರಿಗೂ ಗದರಿದವನು ನಾನೇ. ಆಕೆ ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿದಳು. ನಾನು “ಇಲ್ಲ” ಅಂದೆ. ಆಕೆ ಇಲ್ಲ ಎಂದು ಒತ್ತಿದಳು. ತರಬೇತಿಯ ಸಂದರ್ಶನಗಳು ಪೂರ್ತಿ ಧ್ವನಿಮುದ್ರಣವಾಗುತ್ತವೆ. ಅದೂ ಸರ್ವರಿಗೆ ಹೋಗಿ ಕೂತಿತು. ಭೇಷ್ ಅಂದೆ, ಊಟಕ್ಕೆ ಎದ್ದೆವು. ಅದನ್ನು ನಾನು ಅಲ್ಲೇ ಮರೆತುಬಿಟ್ಟೆ.

ನಮಗೆ ಸಿಕ್ಕಿದ್ದು ದಿಲ್‌ಸುಖ್‌ನಗರದ ಒಳಬೀದಿಗಳು. ಮೆಟ್ರೋ ಕಂಬಗಳ ಕೆಳಗೆ ಕೋಚಿಂಗ್ ಸೆಂಟರುಗಳ ಬೋರ್ಡುಗಳು ಒಂದರ ಕಿವಿಯಲ್ಲಿ ಒಂದು ನುಗ್ಗಿಕೊಂಡಿದ್ದವು. ಅಲ್ಲಿಂದ ಎರಡು ತಿರುವು ಒಳಗೆ ಹೋದರೆ ಮೂರಂತಸ್ತಿನ ಮನೆಗಳು, ಕಬ್ಬಿಣದ ಗೇಟುಗಳು, “ಏಮಿ ಕಾವಾಲಿ?”, ಏನು ಬೇಕು, ಎಂದು ಮೇಲಿನಿಂದಲೇ ಕೇಳುವ ಹೆಂಗಸರು. ಅಕ್ಕನಿಗೆ ಅಲ್ಲಿ ಬಾಗಿಲು ತೆರೆಸುವ ಕೈಗುಣವಿತ್ತು. ನನ್ನ ಮುಖ ಕಂಡರೆ ವಸೂಲಿಗೆ ಬಂದವನೆಂದು ಬಾಗಿಲು ಹಾಕುತ್ತಿದ್ದವರು ಆಕೆಗೆ ನೀರು ಕೊಟ್ಟು ಕೂರಿಸುತ್ತಿದ್ದರು. ಒಂದು ವಾರದಲ್ಲಿ ತಂಡದಲ್ಲೇ ಹೆಚ್ಚು ಸಂದರ್ಶನ ಆಕೆಯದ್ದಾಯಿತು. ನಾನು ಒಳಗೊಳಗೇ ಬೀಗಿದೆ.

ಹತ್ತನೇ ದಿನ ಹೆಡ್ ಆಫೀಸಿನಿಂದ ಫೋನು ಬಂತು. ಅಂಕಿ-ಅಂಶ ನೋಡುವ ಅಧಿಕಾರಿ. ಮೃದುಮಾತಿನ, ನಾನು ಒಮ್ಮೆಯೂ ಮುಖ ಕಂಡಿರದ ಮನುಷ್ಯ. ಹಿಂದಿಯಲ್ಲಿ ಹೇಳಿದರು: ನಿಮ್ಮ ಈ ಗಣತಿದಾರಳ ಸಂದರ್ಶನಗಳಲ್ಲಿ ಆ ಪ್ರಶ್ನೆಗೆ ಒಂದೂ ‘ಹೌದು’ ಇಲ್ಲ. ಒಂದೇ ಒಂದೂ ಇಲ್ಲ. ಈಗಾಗಲೇ ಅಂಗಡಿ ನಡೆಸುತ್ತಿರುವವರು ಇದ್ದಾರೆ, ಬಿಟ್ಟವರು ಇದ್ದಾರೆ, ಶುರು ಮಾಡುತ್ತಿರುವವರು ಮಾತ್ರ ಯಾರೂ ಇಲ್ಲ. ದಿಲ್‌ಸುಖ್‌ನಗರದಂಥ ಕಡೆ ಇದು ಹೇಗೆ ಸಾಧ್ಯ? ಬೇಗ ಮುಗಿಸಲು ‘ಇಲ್ಲ’ ಒತ್ತುತ್ತಿದ್ದಾಳೆ. ನಾಲ್ಕು ದಿನದಲ್ಲಿ ಸಮಾಧಾನಕರ ಕಾರಣ ಸಿಗದಿದ್ದರೆ ಸಂದರ್ಶನಗಳೆಲ್ಲ ರದ್ದು, ಆಕೆಯನ್ನು ಕೆಲಸದಿಂದ ತೆಗೆಯುವುದು, ಹೆಸರು ಪಟ್ಟಿಗೆ ಹಾಕುವುದು. ಆ ಪಟ್ಟಿ ಎಲ್ಲ ಸಮೀಕ್ಷಾ ಸಂಸ್ಥೆಗಳಿಗೂ ಹೋಗುತ್ತದೆ. ಒಮ್ಮೆ ಹೆಸರು ಬಿತ್ತೆಂದರೆ ಮತ್ತೆ ಯಾರೂ ಟ್ಯಾಬ್ಲೆಟ್ ಕೈಗೆ ಕೊಡುವುದಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಅಧಿಕಾರಿಯ ಮೇಲಲ್ಲ, ಅಕ್ಕನ ಮೇಲೆ. ಮೆಟ್ರೋ ಮೆಟ್ಟಿಲ ಬಳಿ ಆಕೆಯನ್ನು ನಿಲ್ಲಿಸಿಕೊಂಡು, ಮಾತು ಅಳೆಯದೆ ಬೈದೆ. “ಎಷ್ಟು ಮನಿಗೆ ಕಳ್ಳ ಇಲ್ಲ ಒತ್ತೀದಿ ಹೇಳು. ಖರೇ ಹೇಳಿದ್ರ ಏನಾರ ದಾರಿ ಹುಡುಕತೀನಿ.”

ಆಕೆ ಅಳಲಿಲ್ಲ. ಹೆಗಲಿನ ಚೀಲ ಸರಿ ಮಾಡಿಕೊಂಡು ಹೇಳಿದಳು: “ಒಂದೂ ಇಲ್ರಿ ಸರ. ಅವ್ರು ಇಲ್ಲ ಅಂದ್ರು, ನಾ ಇಲ್ಲ ಬರದೆ. ನೀವೇ ಕಲಿಸೀರಲ್ಲ, ಅವ್ರ ಬಾಯಾಗ ನಮ್ಮ ಮಾತು ಇಡಬ್ಯಾಡ್ರಿ ಅಂತ? ಈಗ ಅದಕ್ಕೇ ತೆಗೀತೀರಂದ್ರ ತೆಗೀರಿ. ಇಟ್ಟಿಗಿ ಹೊರೂದು ಮರತಿಲ್ಲ ನಾ.”

ಆ ಕೊನೆಯ ಮಾತು ನನಗೆ ಸರಿಯಾಗಿ ತಗುಲಿತು. ಆದರೂ ಬಿಗುಮಾನ ಬಿಡದೆ, “ನಾಳೆ ನಾನೇ ಮನೆಮನೆ ಹೋಗತೀನಿ, ನೀನೂ ಬಾ,” ಅಂದೆ.

ಮರುಪರಿಶೀಲನೆಗೆ ಒಂದು ಕ್ರಮವಿದೆ. ಗಣತಿದಾರ ಬೀದಿಯಲ್ಲೇ ನಿಲ್ಲಬೇಕು, ಮೇಲ್ವಿಚಾರಕ ಒಳಗೆ ಹೋಗಿ ಕೆಲವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಮೊದಲ ಮೂರು ಮನೆಗಳಲ್ಲಿ ಏನೂ ಹೊರಡಲಿಲ್ಲ. ಆಕೆ ಬಂದದ್ದು ನಿಜ, ಓದಿದ್ದು ನಿಜ, ಅವರು ಇಲ್ಲ ಅಂದದ್ದೂ ನಿಜ. ನಾಲ್ಕನೆಯದು ಒಬ್ಬ ಗಣಿತದ ಮೇಷ್ಟರ ಮನೆ. ಕೋಚಿಂಗ್ ಸೆಂಟರೊಂದರಲ್ಲಿ ಪಾಠ ಹೇಳುವವರು. ಹೊಸ ಉದ್ಯಮದ ಪ್ರಯತ್ನದಲ್ಲಿದ್ದೀರಾ ಎಂದೆ. “ಲೇದಂಡಿ,” ಇಲ್ಲ ಎಂದು ತಲೆಯಾಡಿಸಿದರು. ಆದರೆ ನಾನು ಕೂತಿದ್ದೇ ಹೊಸ ಬೆಂಚಿನ ಮೇಲೆ. ಅಂಥ ಬೆಂಚುಗಳು ಛಾವಣಿ ಮುಟ್ಟುವಂತೆ ಪೇರಿಸಿದ್ದವು. ಮೂಲೆಯಲ್ಲಿ ಒಂದು ದೊಡ್ಡ ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು, ತಪ್ಪು ಮಾಡಿದ ಹುಡುಗನ ಹಾಗೆ.

ಕೇಳಬಾರದಿತ್ತು, ಕೇಳಿದೆ. ಇದೆಲ್ಲ ಏನು ಮೇಷ್ಟ್ರೇ?

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು, ದನಿ ಇಳಿಸಿ ತೆಲುಗಿನಲ್ಲಿ ಹೇಳಿದರು: ಮುಂದಿನ ತಿಂಗಳು ಪೂಜೆ, ಅಲ್ಲಿಯವರೆಗೆ ಹೇಳುವಂತಿಲ್ಲ, ಹೇಳಿದರೆ ‘ದಿಷ್ಟಿ’, ಅಂದರೆ ಕೆಟ್ಟ ದೃಷ್ಟಿ, ತಗಲುತ್ತದೆ. ತಮ್ಮ ಅಣ್ಣ ಮೊದಲೇ ಊರೆಲ್ಲ ಸಾರಿಕೊಂಡು ಮೆಡಿಕಲ್ ಶಾಪಿನ ಶಟರ್ ಎತ್ತುವ ಮುಂಚೆಯೇ ಕೈ ಸುಟ್ಟುಕೊಂಡನಂತೆ. “ಗಣಿತ ಹೇಳುವವನು ಹೀಗೆನ್ನಬಾರದು, ಗೊತ್ತು,” ಎಂದು ತಾವೇ ನಾಚಿಕೊಂಡರು.

ಐದನೇ ಮನೆ ಬೀದರಿನ ಕಡೆಯವರದು. ಟ್ಯಾಬ್ಲೆಟ್ಟು ಆರಿಸಿದ್ದವಳು ಮನೆಯ ನಡುವಯಸ್ಸಿನ ಗೃಹಿಣಿ. ಕನ್ನಡ ಕೇಳಿದ್ದೇ ಮುಖ ಅರಳಿತು, ಚಹಾ ಬಂತು. ಪ್ರಶ್ನೆ ಕೇಳಿದೊಡನೆ ಮುಖ ಮುಚ್ಚಿಕೊಂಡಿತು. “ಇಲ್ರೀ ಅಣ್ಣಾ, ನಮ್ಮದೇನು ಉದ್ಯೋಗ.” ಆಕೆಯ ಬೆನ್ನ ಹಿಂದೆ ಬೆಡ್‌ಶೀಟ್ ಹೊದಿಸಿದ ನಾಲ್ಕು ಹೊಲಿಗೆ ಯಂತ್ರಗಳ ಕಾಲುಗಳು ಕಾಣುತ್ತಿದ್ದವು. ನಾನು ಆ ಕಡೆ ನೋಡಿದೆ. ಆಕೆ ನಾನು ನೋಡಿದ್ದನ್ನು ನೋಡಿದಳು.

“ಸುಮ್ಮನಿರ್ರಿ ಅಣ್ಣಾ,” ಎಂದಳು, ಬೇಡಿಕೊಳ್ಳುವಂತೆ. “ನಮ್ಮ ತವರುಮನ್ಯಾಗೂ ಹೇಳಿಲ್ಲ. ಪೂಜಾ ಆಗೂತನ ಬಾಯಿ ಬಿಡಬಾರದು. ನೀವೂ ನಮ್ಮ ಕಡೆಯವ್ರೇ, ನಿಮಗೆ ತಿಳೀದೇನು?”

ತಿಳಿಯದೇನು! ಪ್ಯಾಂಟಿನ ಜೇಬಿನಲ್ಲಿ ನನ್ನ ಕೈ ಒಂದು ಬೀಗದ ಕೈಗೆ ತಗುಲಿತು.

ಆ ಬೀಗದ ಕೈ ಶಂಶಾಬಾದಿನ ಹೊಸ ಬಡಾವಣೆಯ ಒಂದು ಮಳಿಗೆಯದು. ಆ ಬಡಾವಣೆಯಲ್ಲಿ ಬೀದರ್, ಯಾದಗಿರಿಯಂಥ ನಮ್ಮ ಕಡೆಯ ಸಂಸಾರಗಳು ಬಹಳ. ಎಲ್ಲರದೂ ಒಂದೇ ಗೋಳು: ಇಲ್ಲಿಯ ಗಿರಣಿಗಳಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಹಾಕುತ್ತಾರೆ, ಹಿಟ್ಟು ಅಂಟುತ್ತದೆ, ರೊಟ್ಟಿ ಬಡಿಯುವಾಗ ಹರಿಯುತ್ತದೆ. ಬರೀ ಜೋಳವನ್ನೇ ಬೀಸುವ ಗಿರಣಿ ಹಾಕಬೇಕೆಂದು ನನ್ನ ಹೆಂಡತಿ ಎರಡು ವರ್ಷದಿಂದ ಹಟ ಹಿಡಿದಿದ್ದಳು. ಮಳಿಗೆ ಹಿಡಿದಾಗಿತ್ತು, ಯಂತ್ರ ಬಂದು ತಾಡಪತ್ರಿ ಹೊದ್ದು ಕೂತಿತ್ತು. ರಜೆಯ ದಿನ ಹೋಗಿ ಕಲ್ಲು ಕೂರಿಸಿದವನು ನಾನೇ. ಆದರೆ ಯಾರಿಗೂ ಹೇಳಕೂಡದೆಂದು ಹೆಂಡತಿಯ ಕಟ್ಟಪ್ಪಣೆ. ಆಕೆ ಹೇಳದಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ, ನಮ್ಮಪ್ಪನೂ ಬಿಡುತ್ತಿರಲಿಲ್ಲ. ಇಷ್ಟಿದ್ದೂ ತರಬೇತಿಯ ದಿನ, ನಿಜವನ್ನೇ ಹೇಳಬೇಕೆಂದು ಊರಿಗೆಲ್ಲ ಉಪದೇಶ ಮಾಡಿ, ಅಕ್ಕ ಕೇಳಿದಾಗ ಒಂದು ಕ್ಷಣವೂ ತಡವರಿಸದೆ ಇಲ್ಲ ಅಂದಿದ್ದೆ. ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸಿಯೇ ಇರಲಿಲ್ಲ.

ಕೆಳಗಿಳಿದು ಬಂದೆ. ಅಕ್ಕ ಗೇಟಿನ ನೆರಳಿನಲ್ಲಿ ನಿಂತಿದ್ದಳು. “ತಪ್ಪು ನಂದೈತಿ,” ಅಂದೆ. “ಬೈದದ್ದು ಮನಸ್ಸಿಗೆ ಹಚ್ಚಿಕೋಬ್ಯಾಡ.”

“ಹಚ್ಚಿಕೊಂಡೀನ್ರಿ,” ಅಂದಳು ಆಕೆ. “ಮದ್ಲ ನೌಕರಿ ಉಳಿಸ್ರಿ, ಆಮ್ಯಾಲ ನೋಡೋಣು.”

ಆ ಸಂಜೆಯೇ ಹೆಡ್ ಆಫೀಸಿಗೆ ಎಲ್ಲ ವಿವರಿಸಿದೆ. ಅಧಿಕಾರಿ ತಾಳ್ಮೆಯಿಂದ ಕೇಳಿದರು. ಆಮೇಲೆ ಅವರು ಹೇಳಿದ್ದೂ ನ್ಯಾಯವಾಗಿಯೇ ಇತ್ತು: ನೀವು ಪ್ರಶ್ನಾವಳಿಯಲ್ಲಿ ಇಲ್ಲದ್ದನ್ನು ಕೇಳಿ ಉತ್ತರ ಹೊರಡಿಸಿದ್ದೀರಿ, ಅದಕ್ಕೆ ಧ್ವನಿಮುದ್ರಣವೂ ಇಲ್ಲ. ತಂಡದವಳನ್ನು ಉಳಿಸಲು ಮೇಲ್ವಿಚಾರಕ ಕತೆ ಕಟ್ಟಿದ ಎಂದು ನನ್ನ ಮೇಲಿನವರು ಕೇಳಿದರೆ ನಾನೇನು ಹೇಳಲಿ? ನನಗೆ ಒಂದೇ ಒಂದು ಸಂದರ್ಶನ ತೋರಿಸಿ. ಆಕೆ ನಿಯಮದಂತೆ ಓದಿದ್ದು ಪೂರ್ತಿ ಕೇಳಿಸಬೇಕು, ಎದುರಿನವರು ಇಲ್ಲ ಅಂದದ್ದು ಕೇಳಿಸಬೇಕು, ಅವರು ನಿಜಕ್ಕೂ ಉದ್ಯಮ ಶುರು ಮಾಡುತ್ತಿದ್ದರು ಎಂಬುದಕ್ಕೆ ಕಾಗದ ಇರಬೇಕು. ಇನ್ನೆರಡು ದಿನ ಇದೆ.

ಮನೆಮನೆಯ ಸಂದರ್ಶನಗಳಲ್ಲಿ ಟ್ಯಾಬ್ಲೆಟ್ಟು ತುಣುಕು ತುಣುಕಾಗಿ ಮಾತ್ರ ಧ್ವನಿ ಹಿಡಿಯುತ್ತದೆ. ಮೇಷ್ಟರನ್ನೂ ಬೀದರಿನ ಹೆಣ್ಣುಮಗಳನ್ನೂ ಕಾಗದ ಕೊಡಿ ಎಂದು ಕೇಳುವಂತಿರಲಿಲ್ಲ. ಯಾರು ಏನು ಹೇಳಿದರೆಂದು ಹೊರಗೆ ಬಿಡುವುದಿಲ್ಲ ಎಂದು ಮಾತು ಕೊಟ್ಟೇ ಒಳಗೆ ಕೂರುತ್ತೇವೆ. ಪೂರ್ತಿ ಧ್ವನಿಯೂ, ಕಾಗದವೂ, ಹೇಳಲು ಒಪ್ಪುವ ಮನುಷ್ಯನೂ ಮೂರೂ ಇದ್ದ ಸಂದರ್ಶನ ಆ ಸರ್ವರಿನಲ್ಲಿ ಒಂದೇ ಇತ್ತು. ಅದು ನನ್ನದು.

ಆದರೆ ನನ್ನ ನೇಮಕಾತಿ ಪತ್ರದಲ್ಲಿ ಒಂದು ಸಾಲಿದೆ: ಕಾಯಂ ನೌಕರರು ಸಂಸ್ಥೆಯ ಅನುಮತಿ ಇಲ್ಲದೆ ಬೇರೆ ವ್ಯವಹಾರದಲ್ಲಿ ತೊಡಗುವಂತಿಲ್ಲ. ಮಳಿಗೆಯ ಕರಾರಿನಲ್ಲಿ ಹೆಂಡತಿಯ ಹೆಸರಿನ ಪಕ್ಕ ನನ್ನ ರುಜುವೂ ಇತ್ತು. ಆ ಕರಾರು ಕಳಿಸಿದರೆ ಅಕ್ಕನ ಕೆಲಸ ಉಳಿದು ನನ್ನದು ಹೋಗಬಹುದು. ಒಂದಿಡೀ ದಿನ ನಾನು ಹೇಡಿಯ ಹಾಗೆ ಬೇರೆ ದಾರಿ ಹುಡುಕಿದೆ. ಬೇರೆ ತಂಡಗಳ ಮೇಲ್ವಿಚಾರಕರಿಗೆ ಫೋನು ಮಾಡಿದೆ. ನಮ್ಮಲ್ಲಂತೂ ಹೌದುಗಳು ಬರುತ್ತಿವೆ ಅಂದರು. ಹೇಗೆ ಅಂದರೆ ಒಬ್ಬ ನಕ್ಕು, “ಹುಡುಗರು ಸ್ವಲ್ಪ ಒತ್ತಿ ಕೇಳುತ್ತಾರೆ ಬಿಡಿ,” ಅಂದ. ಅಂದರೆ ನಿಯಮ ಮುರಿದವರೆಲ್ಲ ಬಚಾವು, ಪಾಲಿಸಿದವಳು ಕಳ್ಳಿ. ಸಿಟ್ಟಿನಿಂದ ಫೋನು ಇಟ್ಟುಬಿಟ್ಟೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಚಹಾದ ಕಪ್ಪು ಕೆಳಗಿಟ್ಟಳು. “ಪೂಜಾಕ್ಕ ಇನ್ನ ಹದಿನೈದು ದಿನ ಇಲ್ಲ, ಆಫೀಸಿಗೆಲ್ಲ ಡಂಗುರ ಹೊಡೀತೀರಾ? ನಿಮಗೇನಾಗೈತಿ?” ಎಂದು ಒಂದು ಗಳಿಗೆ ಸಮಾ ಹರಿಹಾಯ್ದಳು. ಬೈದು ದಣಿದ ಮೇಲೆ ಕೇಳಿದಳು: “ಆಕಿ ಮದ್ಲ ಏನ್ ಮಾಡತಿದ್ಲು ಅಂದ್ರಿ?”

“ಇಟ್ಟಿಗಿ ಹೊರತಿದ್ಲು.”

ಆಕೆ ಎದ್ದು ಕಪಾಟಿನಿಂದ ಕರಾರುಪತ್ರ ತಂದು ನನ್ನ ಮುಂದಿಟ್ಟಳು. “ಒಬ್ಬಾಕಿ ತಲಿ ಮ್ಯಾಲ ಮತ್ತ ಬುಟ್ಟಿ ಹೊರಿಸಿ ನಾ ಗಿರಣಿ ಪೂಜಾ ಮಾಡಲ್ಲ. ಕಳಸ್ರಿ. ದೃಷ್ಟಿ ಆದ್ರ ನಾ ನೋಡಿಕೋತೀನಿ, ಒಂದಕ್ಕೆರಡು ನಿಂಬಿಹಣ್ಣು ಕಟ್ಟತೀನಿ.”

ಕಳಿಸಿದೆ. ಧ್ವನಿಮುದ್ರಣದ ನಂಬರು, ಕರಾರಿನ ಪ್ರತಿ, ತಾಡಪತ್ರಿ ಹೊದ್ದ ಯಂತ್ರದ ಫೋಟೋ. ಕೆಳಗೆ ಬರೆದೆ: ‘ಉತ್ತರಿಸಿದವನು ನಾನು. ಪ್ರಶ್ನೆ ನನಗೆ ಅರ್ಥವಾಗಿತ್ತು. ಆದರೂ ಇಲ್ಲ ಎಂದೆ. ಗಣತಿದಾರಳ ತಪ್ಪು ಏನೂ ಇಲ್ಲ. ಶುರು ಮಾಡುತ್ತಿದ್ದೀರಾ ಎಂದು ನೇರವಾಗಿ ಕೇಳಿದರೆ ನಮ್ಮ ಜನ ಹೇಳುವುದಿಲ್ಲ. ಜಾಗ ನೋಡಿದಿರಾ, ಯಂತ್ರ ವಿಚಾರಿಸಿದಿರಾ ಎಂದು ಮಾಡಿದ ಕೆಲಸವನ್ನು ಕೇಳಿದರೆ ಹೇಳಬಹುದು. ಹೌದು ಅಂದವರಿಗೆ ಮಾತ್ರ ತೆರೆಯುವ ಆ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಿ ನೋಡಿ.’

ಎರಡು ದಿನ ಯಾವ ಸುದ್ದಿಯೂ ಇಲ್ಲ. ಮೂರನೇ ದಿನ ಅದೇ ಅಧಿಕಾರಿ ಫೋನು ಮಾಡಿದರು. ಧ್ವನಿಯನ್ನು ಮೂರು ಸಲ ಕೇಳಿದರಂತೆ. ‘ಎಷ್ಟು ಆರಾಮಾಗಿ ಇಲ್ಲ ಅಂದಿದ್ದೀರಿ,’ ಎಂದು ನಕ್ಕರು. ಅಕ್ಕನ ಸಂದರ್ಶನಗಳು ಉಳಿಯುತ್ತವೆ, ಜೊತೆಗೆ ಒಂದು ಟಿಪ್ಪಣಿ ಇರುತ್ತದೆ, ಹೆಸರು ಪಟ್ಟಿಗೆ ಹೋಗುವುದಿಲ್ಲ. ಮುಂದಿನ ಸುತ್ತಿಗೆ ನನ್ನ ಸಲಹೆಯನ್ನು ಕೆಲವು ಬೀದಿಗಳಲ್ಲಿ ಪರೀಕ್ಷಿಸುತ್ತಾರೆ. ಆಮೇಲೆ ದನಿ ಬದಲಾಯಿತು. ನಿಯಮ ನಿಯಮವೇ. ಗಿರಣಿಗೆ ಅನುಮತಿ ಕೇಳಿ ಅರ್ಜಿ ಹಾಕಿ. ಈ ಸುತ್ತು ಮುಗಿಯುವವರೆಗೆ ನೀವು ಮೇಲ್ವಿಚಾರಕರಲ್ಲ, ಗಣತಿದಾರರು.

ಹೀಗೆ ಉಳಿದ ಮೂರು ವಾರ ನಾನೂ ಚೀಲ ಹೆಗಲಿಗೇರಿಸಿ ಐದನೇ ಮನೆ ಎಣಿಸಿದೆ. ಮೊದಲ ದಿನ ಮೂರು ಬಾಗಿಲುಗಳು ಮುಖಕ್ಕೆ ಹೊಡೆದಂತೆ ಮುಚ್ಚಿದವು. ಎದುರು ಸಾಲಿನಿಂದ ಅಕ್ಕ ಕೂಗಿದಳು: “ಸರ, ಒಂದೀಟು ನಗ್ರಿ! ಜಪ್ತಿಗೆ ಬಂದವ್ರಂಗ ಕಾಣತೀರಿ!” ಆ ಮೂರು ವಾರದಲ್ಲಿ ನನಗೂ ಪ್ರಯತ್ನದಲ್ಲಿದ್ದೇನೆ ಎಂಬ ಹೌದು ಒಂದೂ ಸಿಗಲಿಲ್ಲ.

ಗಿರಣಿಯ ಪೂಜೆ ಆಯಿತು, ಅನುಮತಿಯೂ ಬಂತು. ಎರಡು ನಿಂಬೆಹಣ್ಣಿನ ಕೆಳಗೆ ಮೊದಲ ಜೋಳ ಬೀಸಿದ ದಿನ ಅಕ್ಕ ಗಂಡನನ್ನೂ ಕರೆದುಕೊಂಡು ಬಂದಿದ್ದಳು. ಆತ ಯಂತ್ರದ ಕಟ್ಟೆ ನೋಡಿ, “ಇದನ್ನ ಯಾರು ಕಟ್ಟ್ಯಾರ್ರಿ, ಅಲಗಾಡತೈತಿ,” ಎಂದು ಮರುದಿನವೇ ಒಡೆದು ಕಟ್ಟಿಕೊಟ್ಟ. ಅಂದಿನಿಂದ ಅಕ್ಕ ಬಿಡುವಿದ್ದಾಗಲೆಲ್ಲ ನನ್ನ ಹೆಂಡತಿಯ ಹತ್ತಿರ ಬಂದು ಕೂರುತ್ತಿದ್ದಳು. ಹೆಂಗಸರ ಮಾತು, ನಾನು ತಲೆ ಹಾಕುತ್ತಿರಲಿಲ್ಲ.

ಮುಂದಿನ ಸುತ್ತಿಗೆ ಹೊಸ ಪ್ರಶ್ನಾವಳಿ ಬಂತು. ನನ್ನನ್ನು ಮತ್ತೆ ಮೇಲ್ವಿಚಾರಕನನ್ನಾಗಿ ಮಾಡಿದ್ದರು. ಅಭ್ಯಾಸಕ್ಕೆ ಯಾರನ್ನಾದರೂ ಕೇಳಬೇಕಿತ್ತು. ಅಕ್ಕ ಗಿರಣಿಗೇ ಬಂದು, ಜೋಳದ ಚೀಲದ ಮೇಲೆ ಕೂತು, ನನ್ನ ಹೆಂಡತಿಯ ಮುಂದೆ ಟ್ಯಾಬ್ಲೆಟ್ ಹಿಡಿದಳು. ಈಗ ನಡೆಸುತ್ತಿರುವ ಉದ್ಯಮ? ಗಿರಣಿ. ಅದನ್ನು ಬಿಟ್ಟು, ಒಬ್ಬರೇ ಆಗಲಿ, ಬೇರೆಯವರ ಜೊತೆ ಸೇರಿ ಆಗಲಿ, ಹೊಸ ಉದ್ಯಮ ಶುರು ಮಾಡುವ ಪ್ರಯತ್ನದಲ್ಲಿದ್ದೀರಾ?

“ಇಲ್ಲ,” ಅಂದಳು ನನ್ನ ಹೆಂಡತಿ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.

“ಆತಲ್ಲ, ಇದೇ ಸಾಕಾಗೈತಿ ಆಕಿಗೆ,” ಎಂದೆ ನಾನು.

“ಸರ, ನಡುವ ಬಾಯಿ ಹಾಕಬಾರದು,” ಎಂದು ಅಕ್ಕ ತಲೆ ಎತ್ತದೆಯೇ ಗದರಿದಳು. ಹೊಸ ಪುಟ ಸರಿಸಿದಳು. “ಕಳೆದ ಕೆಲವು ತಿಂಗಳಲ್ಲಿ ಕೆಲಸಕ್ಕೆಂದು ಯಾವುದಾದರೂ ಜಾಗ ನೋಡಿದ್ದೀರಾ?”

ಹೆಂಡತಿ ಮತ್ತೊಮ್ಮೆ ಕೈ ಒರೆಸಿಕೊಂಡಳು. “ನೋಡೀನಿ.”

“ಎಲ್ಲಿ?”

“ಕೊಂಡಾಪುರದಾಗ.”

ನಾನು ಕೂತಲ್ಲಿಂದ ಎದ್ದೆ. ಕೊಂಡಾಪುರದ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

“ಯಂತ್ರ ವಿಚಾರಿಸಿದ್ದೀರಾ?”

“ವಿಚಾರಿಸೀನಿ.”

“ಈ ಕೆಲಸದಲ್ಲಿ ನಿಮ್ಮ ಜೊತೆ ಬೇರೆ ಯಾರಾದರೂ ಇದ್ದಾರಾ?”

ನನ್ನ ಹೆಂಡತಿ ಅಕ್ಕನ ಮುಖ ನೋಡಿದಳು. ಅಕ್ಕ ಟ್ಯಾಬ್ಲೆಟ್ಟಿನ ಮೇಲೆ ಇನ್ನೂ ಬಗ್ಗಿದಳು. ಆಕೆಯ ಕಿವಿಗಳು ಕೆಂಪಗಾಗಿದ್ದವು.

“ಅದಾರ,” ಎಂದಳು ನನ್ನ ಹೆಂಡತಿ. “ಯಾದಗಿರಿ ಕಡೆಯವ್ರು. ಗಿರಣಿ ಕಟ್ಟಿ ಅವ್ರ ಮನಿಯವ್ರೇ ಕಟ್ಟತಾರ.”

ಅಕ್ಕ ‘ಹೌದು’ ಒತ್ತಿದಳು. ನಾನು ನಕ್ಕೆನೋ ಅತ್ತೆನೋ ನನಗೇ ಗೊತ್ತಾಗಲಿಲ್ಲ, ಕಣ್ಣಂತೂ ಒದ್ದೆಯಾಗಿತ್ತು. ಟ್ಯಾಬ್ಲೆಟ್ ಚೀಲಕ್ಕೆ ಹಾಕಿಕೊಂಡು ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಹೇಳಿದಳು: “ಪೂಜಾ ಆಗೂತನ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಸರ.”

ನಾನು ಬಿಡಲಿಲ್ಲ. ಕೊಂಡಾಪುರದ ಪೂಜೆ ಹೋದ ಶುಕ್ರವಾರ ಮುಗಿಯಿತು. ಇದನ್ನು ಬರೆಯಲು ಕೂತದ್ದು ಆಮೇಲೆ.